ಮೂಗಿನ ಪಕ್ಕದ ಗೆರೆ ಕ್ರೀಮಿನಿಂದ ಹೋಗುತ್ತದೆಯೇ?

ಪ್ರಶ್ನೆ: ನನಗೆ 44 ವರ್ಷ. ಮೂಗಿನ ಪಕ್ಕದಿಂದ ಬಾಯಿಯ ಅಂಚಿನವರೆಗೆ ಎರಡೂ ಕಡೆ ಗೆರೆ ಆಳವಾಗುತ್ತಿದೆ. ಎರಡು ವರ್ಷದಿಂದ ದುಬಾರಿ ಕ್ರೀಮು ಹಚ್ಚುತ್ತಿದ್ದರೂ ಏನೂ ಬದಲಾಗಿಲ್ಲ. ಇದಕ್ಕಿಂತ ಒಳ್ಳೆಯ ಕ್ರೀಮು ಯಾವುದು?

ಉತ್ತರ: ಆ ಗೆರೆಯನ್ನು ಅಳಿಸುವ ಕ್ರೀಮು ಯಾವ ಬೆಲೆಗೂ ಸಿಗುವುದಿಲ್ಲ. ನಿಮ್ಮ ಆರೈಕೆಯಲ್ಲಿ ತಪ್ಪೇನೂ ಆಗಿಲ್ಲ. ಗೆರೆ ಕಾಣುವುದು ಚರ್ಮದ ಮೇಲಾದರೂ ಅದರ ಮುಖ್ಯ ಕಾರಣ ಇರುವುದು ಚರ್ಮದ ಕೆಳಗೆ.

ಕೆನ್ನೆ ತುಂಬಿಕೊಂಡು ಕಾಣುವುದು ಒಳಗಿರುವ ಕೊಬ್ಬಿನ ಸಣ್ಣ ಸಣ್ಣ ಗುಪ್ಪೆಗಳಿಂದ. ವಯಸ್ಸಾದಂತೆ ಅವುಗಳಲ್ಲಿ ಕೆಲವು ಕರಗುತ್ತವೆ, ಕೆಲವು ಕೆಳಗೆ ಜಾರುತ್ತವೆ. ಅವುಗಳಿಗೆ ಆಸರೆಯಾದ ಮೇಲ್ದವಡೆಯ ಮೂಳೆಯೂ ನಿಧಾನವಾಗಿ ಸವೆಯುತ್ತದೆ. ಕಣ್ಣಿನ ಗೂಡು ಅಗಲವಾಗುತ್ತದೆ. ಹಲ್ಲು ಉದುರಿದ ಅಜ್ಜಿಯ ಬಾಯಿ ಒಳಸೇರಿದ್ದನ್ನು ನೋಡಿದವರಿಗೆ, ಮುಖವನ್ನು ಮೂಳೆ ಎಷ್ಟು ಎತ್ತಿ ಹಿಡಿದಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೆನ್ನೆ ಇಳಿದಾಗ ಮೂಗಿನ ಪಕ್ಕದಲ್ಲಿ ಮಡಿಕೆ ಬೀಳುತ್ತದೆ. ಮೇಲೆ ಹಚ್ಚಿದ ಕ್ರೀಮು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಆ ಮಡಿಕೆಯನ್ನು ತಗ್ಗಿಸಲೇಬೇಕೆಂದಿದ್ದರೆ ಫಿಲ್ಲರ್ ಇದೆ. ಹಯಲುರಾನಿಕ್ ಆಮ್ಲದ ಜೆಲ್ ಅನ್ನು ಸೂಜಿಯಿಂದ ಒಳಗೆ ತುಂಬುತ್ತಾರೆ. ಅದು ಕೆಲವು ತಿಂಗಳಿಂದ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ; ಬೇಡವಾದರೆ ಕರಗಿಸುವ ಕಿಣ್ವವೂ ಉಂಟು. ಆದರೆ ಜೆಲ್ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಬ್ಯೂಟಿ ಪಾರ್ಲರಿನಲ್ಲಿ ಇದನ್ನು ಖಂಡಿತ ಮಾಡಿಸಬೇಡಿ. ಬೊಟಾಕ್ಸ್ ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಅದು ಸ್ನಾಯುವನ್ನು ಸಡಿಲಿಸಿ ಹುಬ್ಬುಗಂಟಿನ ಮತ್ತು ಹಣೆಯ ಗೆರೆಗಳನ್ನು ಮೂರು ನಾಲ್ಕು ತಿಂಗಳ ಮಟ್ಟಿಗೆ ತಗ್ಗಿಸುತ್ತದೆ.

ಹಾಗೆಂದು ಹಚ್ಚುವುದೆಲ್ಲ ವ್ಯರ್ಥವಲ್ಲ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ಸುಮಾರು ಶೇ 30ರಷ್ಟು ಇಳಿಯುತ್ತದೆ. ಅದನ್ನು ಸ್ವಲ್ಪಮಟ್ಟಿಗೆ ಮತ್ತೆ ಕಟ್ಟುವ ಶಕ್ತಿ ವಿಟಮಿನ್ ಎ ಬಗೆಯ ಹಚ್ಚುವ ಔಷಧಿಯಾದ ಟ್ರೆಟಿನಾಯಿನ್‌ಗೆ ಇದೆ. ವೈದ್ಯರು ಬರೆದುಕೊಟ್ಟರೆ ಬಟಾಣಿ ಕಾಳಿನಷ್ಟು ತೆಗೆದುಕೊಂಡು, ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ. ಮೊದಲು ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ. ಸಣ್ಣ ಸುಕ್ಕುಗಳು ತಗ್ಗಲು ತಿಂಗಳುಗಳೇ ಬೇಕು. ಗರ್ಭಿಣಿಯರು ಇದನ್ನು ಬಳಸಬಾರದು.

ಅದಕ್ಕೂ ಮೊದಲು ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ 903 ಜನರ ಕೈ ಹಿಂಬದಿಯ ಚರ್ಮವನ್ನು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷ ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ ಇತ್ತು. ಅವರು ಹೆಚ್ಚಾಗಿ ಬಿಳಿ ಚರ್ಮದವರು. ನಮ್ಮ ಕಂದು ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ. ವಯಸ್ಸು ಮೊದಲು ಕಾಣಿಸುವುದು ಬಣ್ಣದಲ್ಲಿ, ಬಂಗು ಮತ್ತು ಕಲೆಗಳಾಗಿ. ಕಣ್ಣಿಗೆ ಕಾಣುವ ಬೆಳಕು ಕೂಡ ಬಂಗನ್ನು ಹೆಚ್ಚಿಸುವುದರಿಂದ, ಕಬ್ಬಿಣದ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ನಮಗೆ ಹೆಚ್ಚು ಉಪಯುಕ್ತ.

ನನ್ನನ್ನು ನಿಜವಾಗಿ ಕಾಡುವುದು ಬೇರೆಯದೇ ಒಂದು ಟ್ಯೂಬು. ಬಂಗು ಕಂಡ ಕೂಡಲೇ ಎಷ್ಟೋ ಹೆಣ್ಣುಮಕ್ಕಳು ಔಷಧಿ ಅಂಗಡಿಯಲ್ಲಿ ಕೇಳಿ, ಚೀಟಿಯಿಲ್ಲದೆ ಕ್ರೀಮು ತಂದು ಹಚ್ಚುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ವಯಸ್ಸು ಇಪ್ಪತ್ತು ವರ್ಷದಲ್ಲಿ ಮಾಡುವುದಕ್ಕಿಂತ ದೊಡ್ಡ ಹಾನಿಯನ್ನು ಇದು ಕೆಲವೇ ತಿಂಗಳಲ್ಲಿ ಮಾಡಬಲ್ಲದು. ನಿಮ್ಮ ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಎಂದು ಬರೆದಿದೆಯೇ ನೋಡಿ. ಇದ್ದರೆ ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮವೈದ್ಯರ ಬಳಿಗೆ ಹೋಗಿ. ಬಹಳ ದಿನ ಹಚ್ಚಿದ್ದನ್ನು ಒಮ್ಮೆಲೇ ಬಿಟ್ಟರೆ ಉರಿಯೂ ಕೆಂಪೂ ಹೆಚ್ಚುವುದುಂಟು, ಆ ದಿನಗಳನ್ನು ದಾಟಿಸಲು ಅವರ ನೆರವು ಬೇಕು.