ರಗ್ಬಿ ಚಿತ್ರ ತೆಗೆಯುವವರು ಎಲ್ಲಿ ನಿಲ್ಲಬೇಕು

ಕ್ಲಬ್ ಮಟ್ಟದ ರಗ್ಬಿ ಪಂದ್ಯದಲ್ಲಿ ಹೊಸಬರು ತೆಗೆದ ಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದರೆ ಬೆನ್ನುಗಳೇ ಕಾಣುತ್ತವೆ. ಒಬ್ಬರ ಮೇಲೊಬ್ಬರು ಬಿದ್ದ ದೇಹಗಳು, ಅವುಗಳ ಆಚೆ ಎಲ್ಲೋ ಚೆಂಡು, ಯಾರ ಮುಖವೂ ಇಲ್ಲ. ಹೆಚ್ಚಿನವರು ಇದಕ್ಕೆ ಲೆನ್ಸ್ ಸಾಲದ್ದೇ ಕಾರಣ ಎಂದುಕೊಂಡು ಇನ್ನೂ ದೊಡ್ಡದನ್ನು ಕೊಳ್ಳಲು ಹೊರಡುತ್ತಾರೆ. ನಿಂತ ಜಾಗ ಸರಿಯಿಲ್ಲದಿದ್ದರೆ ಯಾವ ಲೆನ್ಸೂ ಮುಖವನ್ನು ಈ ಕಡೆ ತಿರುಗಿಸಿಕೊಡುವುದಿಲ್ಲ.

ಎಲ್ಲಿ ನಿಲ್ಲಬೇಕೆಂಬುದನ್ನು ಆಟದ ನಿಯಮವೇ ಹೇಳುತ್ತದೆ. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಕೊಡಬೇಕು. ಹಾಗಾಗಿ ಚೆಂಡು ಹಿಡಿದು ಓಡುವವರೇ ಸಾಮಾನ್ಯವಾಗಿ ತಮ್ಮ ತಂಡದಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಾರೆ, ಅವರ ಎದುರಿಗೆ ಇರುವವರು ಎದುರಾಳಿಗಳು ಮಾತ್ರ. ದಾಳಿ ಬರುವ ದಿಕ್ಕಿಗೆ ಎದುರಾಗಿ, ಸ್ವಲ್ಪ ಓರೆಯಾಗಿ ನಿಂತರೆ ಇಬ್ಬರು ಎದುರಾಳಿಗಳ ನಡುವಿನ ಸಂದಿಯಲ್ಲಿ ಆ ಮುಖ ಸಿಗುತ್ತದೆ. ಮಧ್ಯದ ಗೆರೆಯ ಪಕ್ಕದಲ್ಲಿ ನಿಂತರೆ ಸಿಗುವುದು ಪಕ್ಕನೋಟ, ಅದರಲ್ಲೂ ಅರ್ಧ ಸಮಯ ಬೆನ್ನು.

ಮೈದಾನದ ಉದ್ದ ಟ್ರೈ ಗೆರೆಯಿಂದ (ಅಲ್ಲಿ ಚೆಂಡನ್ನು ನೆಲಕ್ಕೊತ್ತಿದರೆ ಅಂಕ, ಅದೇ ಟ್ರೈ) ಟ್ರೈ ಗೆರೆಗೆ ಹೆಚ್ಚೆಂದರೆ 100 ಮೀಟರ್, ಅಗಲ 70. ನಿಮ್ಮ ತಂಡ ದಾಳಿ ಮಾಡುತ್ತಿರುವ ತುದಿಯಲ್ಲಿ, 22 ಮೀಟರ್ ಗೆರೆಗೂ ಟ್ರೈ ಗೆರೆಗೂ ನಡುವೆ, ಮೈದಾನದ ಪಕ್ಕದ ಗೆರೆಯಾದ ಟಚ್‌ಲೈನಿನಿಂದ ನಾಲ್ಕೈದು ಮೀಟರ್ ಹೊರಗೆ ಜಾಗ ಹಿಡಿಯಿರಿ. ಹಗ್ಗ ಕಟ್ಟಿದ್ದರೆ ಅದರ ಹಿಂದೆಯೇ ಇರಿ. ಗೆರೆಯ ಪಕ್ಕದ ಪಟ್ಟಿ ಸಹಾಯಕ ರೆಫರಿ ಓಡುವ ದಾರಿ. ಟ್ಯಾಕಲ್‌ನಲ್ಲಿ, ಅಂದರೆ ಚೆಂಡು ಹಿಡಿದವರನ್ನು ಹಿಡಿದು ಕೆಡವುವಾಗ, ಇಬ್ಬರು 200 ಕಿಲೋ ತೂಕದೊಂದಿಗೆ ಅದೇ ಪಟ್ಟಿಯ ಮೇಲೆ ಜಾರಿಕೊಂಡು ಬರುತ್ತಾರೆ. ಟ್ರೈಪಾಡ್ ತರಲೇಬೇಡಿ, ಭಾರದ ಲೆನ್ಸ್‌ಗೆ ಒಂಟಿಕಾಲಿನ ಮೊನೊಪಾಡ್ ಸಾಕು, ಅದನ್ನು ಎತ್ತಿಕೊಂಡು ಹಿಂದೆ ಸರಿಯಬಹುದು.

ಆಟ ಶುರುವಾಗುವ ಅರ್ಧ ಗಂಟೆ ಮೊದಲು ಮೈದಾನವನ್ನು ಒಂದು ಸುತ್ತು ಹಾಕಿ, ಪ್ರತಿ ಮೂಲೆಯಿಂದಲೂ ಹಿನ್ನೆಲೆಯಲ್ಲಿ ಏನು ಬರುತ್ತದೆ ನೋಡಿ. ನಿಲ್ಲಿಸಿದ ಕಾರುಗಳು, ಬಿಳಿ ಡೇರೆ, ಬದಲಿ ಆಟಗಾರರ ಬೆಂಚು ಇವೆಲ್ಲ ಕಣ್ಣನ್ನು ಎಳೆಯುತ್ತವೆ. ದೂರದ ಮರಗಳ ಸಾಲು ಎಳೆಯುವುದಿಲ್ಲ. ಮೊಣಕಾಲೂರಿ ಕೂತು ತೆಗೆದರೆ ಆಟಗಾರರು ಎತ್ತರವಾಗಿ ಕಾಣುತ್ತಾರೆ, ಹುಲ್ಲಿನ ಹರವು ಕಡಿಮೆಯಾಗಿ ಹಿನ್ನೆಲೆ ದೂರ ಹೋಗಿ ಮಸುಕಾಗುತ್ತದೆ. ನಿಂತು ತೆಗೆದ ಚಿತ್ರಕ್ಕೂ ಕೂತು ತೆಗೆದ ಚಿತ್ರಕ್ಕೂ ಇರುವ ಈ ವ್ಯತ್ಯಾಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ವ್ಯೂಫೈಂಡರ್‌ನಲ್ಲಿ ಇಲ್ಲದ ಕಣ್ಣನ್ನು ಮಾತ್ರ ತೆರೆದೇ ಇಟ್ಟುಕೊಳ್ಳಿ.

200 ಮಿ.ಮೀ. ಲೆನ್ಸ್‌ನಲ್ಲಿ 30 ಮೀಟರ್ ದೂರದ ಆಟಗಾರ ಫುಲ್‌ಫ್ರೇಮ್ ಕ್ಯಾಮೆರಾದ ಅಡ್ಡ ಚೌಕಟ್ಟಿನಲ್ಲಿ ಅರ್ಧ ಎತ್ತರ ತುಂಬುತ್ತಾನೆ; 60 ಮೀಟರ್‌ನಲ್ಲಿ ಕಾಲು ಭಾಗ ಮಾತ್ರ. ಅಂದರೆ 70-200 ಮಿ.ಮೀ. ಲೆನ್ಸ್ ಹಿಡಿದವರಿಗೆ ಆ ಕಡೆಯ ಟಚ್‌ಲೈನಿನಲ್ಲಿ ನಡೆಯುವ ಆಟ ದಕ್ಕುವುದಿಲ್ಲ. ಅದನ್ನು ಬಿಟ್ಟುಬಿಡಿ. ದೂರದ ಓಟವನ್ನು ಹಿಂಬಾಲಿಸುತ್ತ ಮುನ್ನೂರು ಫ್ರೇಮ್ ಸುಟ್ಟವರು, ಚೆಂಡು ತಮ್ಮ ಕಡೆಗೆ ತಿರುಗಿದಾಗ ಕ್ಯಾಮೆರಾದ ಬಫರ್ (ಕಾರ್ಡಿಗೆ ಬರೆಯುವವರೆಗೆ ಚಿತ್ರಗಳನ್ನು ಹಿಡಿದಿಡುವ ಜಾಗ) ತುಂಬಿ ಕೈಕಟ್ಟಿ ಕೂರಬೇಕಾಗುತ್ತದೆ. 100-400 ಅಥವಾ 150-600 ಇದ್ದರೆ ದೂರವೂ ಸಿಗುತ್ತದೆ, ಆದರೆ ಅವುಗಳ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್/5.6, ಎಫ್/6.3ಕ್ಕೆ ಇಳಿಯುತ್ತದೆ. ಬಿಸಿಲಿದ್ದಾಗ ತೊಂದರೆಯಿಲ್ಲ. ಲಂಡನ್ನಿನ ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಪಂದ್ಯದ ಎರಡನೇ ಅರ್ಧದಲ್ಲಿ ಆ ಲೆನ್ಸ್ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 12800 ಕೇಳತೊಡಗುತ್ತದೆ. ಹಾಗಾಗಿ ಒಳ್ಳೆಯ ಬೆಳಕು ಬೇಕಾದ ಚಿತ್ರಗಳನ್ನೆಲ್ಲ ಮೊದಲರ್ಧದಲ್ಲೇ ಮುಗಿಸಿಕೊಳ್ಳಬೇಕು.

ಆಟ ಓದುವುದನ್ನು ಕಲಿಯಲು ಒಂದೇ ದಾರಿ ಹೇಳು ಎಂದರೆ, 9ನೇ ಅಂಗಿಯನ್ನು ಹಿಂಬಾಲಿಸಿ. ರಗ್ಬಿಯಲ್ಲಿ ಅಂಗಿಯ ಸಂಖ್ಯೆಯೇ ಆಡುವ ಸ್ಥಾನ: 2 ಹೂಕರ್, 8 ಸ್ಕ್ರಮ್‌ನ (ಎರಡೂ ತಂಡದವರು ಬಾಗಿ ಬೆಸೆದುಕೊಂಡು ಚೆಂಡಿಗಾಗಿ ತಳ್ಳುವ ಗುಂಪು) ಕೊನೆಯವರು, 9 ಸ್ಕ್ರಮ್‌ಹಾಫ್, 10 ಫ್ಲೈಹಾಫ್, 11 ಮತ್ತು 14 ರೆಕ್ಕೆಯವರು, ಅಂದರೆ ಮೈದಾನದ ಅಂಚಿನಲ್ಲಿ ಆಡುವವರು. ಟ್ಯಾಕಲ್ ಆಗಿ ಚೆಂಡು ನೆಲಕ್ಕೆ ಬಂದು ಅದರ ಮೇಲೆ ಎರಡೂ ತಂಡದವರು ನಿಂತು ತಳ್ಳಾಡುವ ರಕ್ ಪಂದ್ಯಕ್ಕೆ ಹತ್ತಾರು ಸಲ ಬರುತ್ತದೆ. ಹೆಚ್ಚುಕಡಿಮೆ ಪ್ರತಿ ಸಲವೂ 9ನೆಯವರು ಅದರ ಹಿಂದೆ ಬಂದು, ಬಾಗಿ, ತಲೆಯೆತ್ತಿ ಎರಡೂ ಕಡೆ ನೋಡಿ ಚೆಂಡು ಎಸೆಯುತ್ತಾರೆ. ಕಣ್ಣು, ಚೆಂಡು, ಚಾಚಿದ ತೋಳು ಮೂರೂ ಒಂದೇ ಜಾಗದಲ್ಲಿ, ಒಂದು ಕ್ಷಣ ನಿಂತಂತೆ ಇರುತ್ತವೆ. ರಕ್ ಕಂಡ ಕೂಡಲೇ ರಾಶಿಯ ಮೇಲಿಂದ ಫೋಕಸ್ ತೆಗೆದು ಅದರ ಹಿಂಬದಿಗೆ ಹಾಕಿ ಕಾಯಿರಿ. ಒಂದು ಇಡೀ ಅರ್ಧ ಹೀಗೆ 9ನೆಯವರೊಬ್ಬರನ್ನೇ ತೆಗೆದರೆ, ಚೆಂಡು ಯಾವ ಕಡೆಗೆ ಹೋಗುತ್ತದೆ ಎಂಬುದು ಅವರ ಪಾದ ತಿರುಗಿದ ರೀತಿಯಿಂದಲೇ ತಿಳಿಯತೊಡಗುತ್ತದೆ.

ಹೊರಹೋದ ಚೆಂಡನ್ನು ಎರಡು ಸಾಲು ನಿಂತ ತಂಡಗಳ ನಡುವೆ ಒಳಗೆಸೆಯುವ ಲೈನ್‌ಔಟ್‌ನಲ್ಲಿ ಚೆಂಡು ಎಸೆಯುವ ಹೂಕರ್ ಹಿಂದೆ ನಿಲ್ಲುವುದು ಸಾಮಾನ್ಯ ತಪ್ಪು. ಅವರ ಬೆನ್ನೇ ಚೌಕಟ್ಟು ತುಂಬುತ್ತದೆ. ಸಾಲು ನಿಲ್ಲುವುದು ಟಚ್‌ಲೈನಿನಿಂದ 5 ಮೀಟರ್ ಒಳಗಿನಿಂದ 15 ಮೀಟರ್‌ವರೆಗೆ. ಮೇಲಕ್ಕೆತ್ತಿದ ಆಟಗಾರರು ಚೆಂಡು ಬರುವ ಕಡೆಗೆ, ಅಂದರೆ ಟಚ್‌ಲೈನಿನ ಕಡೆಗೆ ನೋಡುತ್ತಿರುತ್ತಾರೆ. ಅದೇ ಟಚ್‌ಲೈನಿನ ಹೊರಗೆ, ಲೈನ್‌ಔಟ್‌ನಿಂದ ಹತ್ತು ಹದಿನೈದು ಮೀಟರ್ ಪಕ್ಕಕ್ಕೆ ಸರಿದು, ಕ್ಯಾಮೆರಾ ನಿಲುವಾಗಿ ತಿರುಗಿಸಿ. ಕೈಗಳು ಮೂರು ಮೀಟರ್‌ಗಿಂತ ಮೇಲೆ ಹೋಗುತ್ತವೆ, ಚೆಂಡು ಇನ್ನೂ ಮೇಲಿಂದ ಬರುತ್ತದೆ. ತಲೆಯ ಮೇಲೆ ಅಷ್ಟು ಜಾಗ ಬಿಡದಿದ್ದರೆ ಬೆರಳುಗಳು ಕತ್ತರಿಸಿಹೋಗುತ್ತವೆ. ಹಿಂದೆ ಬಯಲು ಆಕಾಶ ಬರುವುದರಿಂದ ಆಟೋ ಎಕ್ಸ್‌ಪೋಷರ್ ಮುಖವನ್ನು ಕಪ್ಪಾಗಿಸುತ್ತದೆ, ಅದರ ಪರಿಹಾರ ಮುಂದೆ ಹೇಳುತ್ತೇನೆ.

ಸ್ಕ್ರಮ್ ಹೊರಗಿನಿಂದ ಬೆನ್ನುಗಳ ಗೋಡೆ. ಅದರಲ್ಲಿ ಚಿತ್ರ ಸಿಗುವುದು ಎರಡೇ ಹೊತ್ತಿನಲ್ಲಿ. ರೆಫರಿ ‘ಕ್ರೌಚ್, ಬೈಂಡ್, ಸೆಟ್’ ಎಂದು ಕೂಗುವಾಗ, ‘ಬೈಂಡ್’ಗೂ ‘ಸೆಟ್’ಗೂ ನಡುವೆ ಮುಂದಿನ ಸಾಲಿನವರು ಒಬ್ಬರಿಗೊಬ್ಬರು ಅಂಗಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಬಾಗಿರುತ್ತಾರೆ; ಪಕ್ಕದಿಂದ, ಅವರ ತಲೆಯ ಮಟ್ಟಕ್ಕೆ ಕೂತು ತೆಗೆಯಿರಿ. ಇನ್ನೊಂದು, ಚೆಂಡು ಹಿಂದಕ್ಕೆ ಬಂದು 8ನೆಯವರೋ 9ನೆಯವರೋ ಅದನ್ನು ಎತ್ತಿದಾಗ. ನಡುವಿನ ತಳ್ಳಾಟಕ್ಕೆ ಶಟರ್ ಒತ್ತಬೇಕಿಲ್ಲ. ಚೆಂಡು ಹಿಡಿದು ನಿಂತವರನ್ನು ಸುತ್ತುವರಿದು ಎರಡೂ ತಂಡದವರು ತಳ್ಳಾಡುವ ಮಾಲ್‌ನಲ್ಲೂ ಹೀಗೆಯೇ: ಮುಂಭಾಗದಲ್ಲಿ ಕಾಣುವ ಒಂದು ಮುಖ ಆರಿಸಿ, ಎರಡು ಫ್ರೇಮ್ ಸಾಕು.

ಟ್ಯಾಕಲ್‌ಗೆ ತಾಳ್ಮೆ ಬೇಕು. ಓಟ ಶುರುವಾದಾಗಿನಿಂದಲೇ ಬರ್ಸ್ಟ್ (ಸಾಲಾಗಿ ಚಿತ್ರ ತೆಗೆಯುವುದು) ಒತ್ತಿಹಿಡಿದರೆ ಡಿಕ್ಕಿಯ ಹೊತ್ತಿಗೆ ಬಫರ್ ಮುಗಿದಿರುತ್ತದೆ. ಓಡುವವರ ಮೇಲೆ ಫೋಕಸ್ ಇಟ್ಟುಕೊಂಡು ಬನ್ನಿ. ಅವರು ಭುಜ ತಗ್ಗಿಸಿದಾಗ ಅಥವಾ ಎದುರಾಳಿಯನ್ನು ತಳ್ಳಲು ಕೈ ಚಾಚಿದಾಗ ಶಟರ್ ಒತ್ತಿ, ಐದಾರು ಫ್ರೇಮ್‌ಗೆ ಬಿಡಿ.

ಟ್ರೈ ಹೆಚ್ಚಾಗಿ ಮೂಲೆಗಳಲ್ಲಿ ಬೀಳುತ್ತದೆ, ಏಕೆಂದರೆ ಜಾಗ ಇರುವುದು ರೆಕ್ಕೆಗಳಲ್ಲಿ. ಕಂಬಗಳ ಹಿಂದೆ ನಡುವೆ ನಿಲ್ಲುವ ಬದಲು, ಟ್ರೈ ಗೆರೆಯಾಚೆಗಿನ ಕೊನೆಯ ಗೆರೆಯಾದ ಡೆಡ್‌ಬಾಲ್ ಗೆರೆಯ ಹಿಂದೆ ಮೂಲೆಯ ಧ್ವಜದ ಕಡೆಗೆ ಸರಿದು ನಿಂತರೆ ಹಾರಿ ಚೆಂಡು ನೆಲಕ್ಕೊತ್ತುವವರ ಮುಖ ನೇರ ಸಿಗುತ್ತದೆ. ಚೆಂಡು ನೆಲಕ್ಕೆ ತಾಗಿದ ಮೇಲೆ ಪರದೆಯ ಮೇಲೆ ಚಿತ್ರ ನೋಡಲು ತಲೆ ತಗ್ಗಿಸಬೇಡಿ. ಮುಂದಿನ ಹತ್ತು ಸೆಕೆಂಡಿನಲ್ಲಿ ಕೂಗು, ಅಪ್ಪುಗೆ, ಸೋತವರ ಮುಖ ಎಲ್ಲ ಬರುತ್ತದೆ. ಆಮೇಲೆ ಹೆಚ್ಚುವರಿ ಅಂಕಕ್ಕಾಗಿ ಕಂಬಗಳ ನಡುವೆ ಒದೆಯುವ ಕನ್ವರ್ಶನ್ ಒದೆತಕ್ಕೆ ಈಗಿನ ನಿಯಮದಲ್ಲಿ 60 ಸೆಕೆಂಡು ಇರುತ್ತದೆ. ಒದೆಯುವವರ ಚಿತ್ರ ಪಂದ್ಯಕ್ಕೆ ಎರಡು ಮೂರು ಸಾಕು, ಉಳಿದ ಸಲ ಆ ಒಂದು ನಿಮಿಷವನ್ನು ಜಾಗ ಬದಲಿಸಲು ಬಳಸಿಕೊಳ್ಳಿ.

ಈಗ ಕ್ಯಾಮೆರಾ. ಸೆಕೆಂಡಿಗೆ 8 ಮೀಟರ್ ಓಡುವವರು 1/500 ಸೆಕೆಂಡಿನಲ್ಲಿ 16 ಮಿ.ಮೀ. ಸಾಗುತ್ತಾರೆ, 1/1000ರಲ್ಲಿ 8, 1/2000ರಲ್ಲಿ 4. ಅವರು ನಿಮ್ಮೆದುರು ಅಡ್ಡಲಾಗಿ ಓಡಿದರೆ ಈ ಚಲನೆ ಪೂರ್ತಿ ಮಸುಕಾಗಿ ಬೀಳುತ್ತದೆ. ನಿಮ್ಮ ಕಡೆಗೇ ಬಂದರೆ ಬಹಳ ಕಡಿಮೆ. ಎದುರು ನಿಲ್ಲುವುದರ ಇನ್ನೊಂದು ಲಾಭ ಇದು. ಶಟರ್ ವೇಗ 1/1000 ಕನಿಷ್ಠ, ಬೆಳಕಿದ್ದರೆ 1/1600. ಬೆಳಕು ಇಳಿದಾಗ ಶಟರ್ ವೇಗ ತಗ್ಗಿಸುವ ಮೊದಲು ಐಎಸ್‌ಒ ಏರಿಸಿ: ಕಾಳು ಕಾಳಾದ ಚಿತ್ರವನ್ನು ಆಮೇಲೆ ತಂತ್ರಾಂಶದಲ್ಲಿ ಸರಿಮಾಡಬಹುದು, ಅಲುಗಿದ ಮುಖವನ್ನು ಆಗದು.

ಎದುರಿನಿಂದ ಬರುವವರಿಗೆ ಫೋಕಸ್ ಕಷ್ಟ. 20 ಮೀಟರ್ ದೂರದಲ್ಲಿ 200 ಮಿ.ಮೀ., ಎಫ್/2.8ಕ್ಕೆ ಸ್ಪಷ್ಟವಾಗಿರುವ ಆಳ ಸುಮಾರು 1.7 ಮೀಟರ್, ಅದೇ ದೂರಕ್ಕೆ 400 ಮಿ.ಮೀ., ಎಫ್/2.8 ಆದರೆ ಸುಮಾರು 40 ಸೆಂ.ಮೀ. ಮಾತ್ರ. ನಿರಂತರ ಆಟೋಫೋಕಸ್ ಇಟ್ಟು, ಫೋಕಸ್ ಕೆಲಸವನ್ನು ಶಟರ್ ಗುಂಡಿಯಿಂದ ತೆಗೆದು ಹಿಂಬದಿಯ ಗುಂಡಿಗೆ ಹಾಕಿ. ಹೆಬ್ಬೆರಳು ಒತ್ತಿರುವಷ್ಟು ಹೊತ್ತು ಕ್ಯಾಮೆರಾ ಹಿಂಬಾಲಿಸುತ್ತದೆ, ರೆಫರಿ ಅಡ್ಡ ಬಂದಾಗ ಹೆಬ್ಬೆರಳು ಎತ್ತಿದರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ. ಟ್ರ್ಯಾಕಿಂಗ್ ಸೂಕ್ಷ್ಮತೆಯನ್ನು ಹಿಡಿದದ್ದನ್ನು ಬಿಡದ ಕಡೆಗೆ ಒಂದೆರಡು ಹಂತ ಸರಿಸಿ. ತಯಾರಕರು ಇದಕ್ಕೆ ಬೇರೆ ಬೇರೆ ಹೆಸರಿಟ್ಟಿದ್ದರೂ ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಇದು ಇದೆ. ಕಣ್ಣು ಗುರುತಿಸುವ ಸೌಲಭ್ಯ ಬಯಲಲ್ಲಿ ಒಬ್ಬರೇ ಓಡುವಾಗ ಚೆನ್ನ. ಗುಂಪಿನಲ್ಲಿ ಅದು ಹಿಂದಿನ ಎದುರಾಳಿಯ ಕಣ್ಣನ್ನೋ ಪ್ರೇಕ್ಷಕರ ಕಣ್ಣನ್ನೋ ಹಿಡಿಯುತ್ತದೆ, ಆಗ ಸಣ್ಣ ಚೌಕದ ಫೋಕಸ್‌ಗೆ ಬನ್ನಿ.

ಎಕ್ಸ್‌ಪೋಷರ್ ಮ್ಯಾನುಯಲ್ ಇರಲಿ. ಆಟೋ ಬಿಟ್ಟರೆ ಬಿಳಿ ಅಂಗಿಯ ತಂಡ ಚೌಕಟ್ಟು ತುಂಬಿದಾಗ ಚಿತ್ರ ಕಪ್ಪಾಗುತ್ತದೆ, ಕಪ್ಪು ಅಂಗಿಯವರು ತುಂಬಿದಾಗ ಬೆಳ್ಳಗಾಗುತ್ತದೆ, ಲೈನ್‌ಔಟ್‌ನಲ್ಲಿ ಆಕಾಶ ಮೋಸ ಮಾಡುತ್ತದೆ. ಆಟಗಾರರ ಮೇಲಿರುವ ಬೆಳಕೇ ಬಿದ್ದ ಹುಲ್ಲನ್ನು ಅಳೆದು ಶಟರ್ ವೇಗ, ಅಪರ್ಚರ್, ಐಎಸ್‌ಒ ಮೂರೂ ಅಳತೆಗಳನ್ನು ಕಟ್ಟಿಹಾಕಿ, ಒಂದು ಚಿತ್ರ ತೆಗೆದು ಬಿಳಿ ಅಂಗಿಯ ಮಡಿಕೆಗಳು ಉಳಿದಿವೆಯೇ ನೋಡಿ; ಇಲ್ಲದಿದ್ದರೆ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಮೋಡ ಬಂದು ಹೋಗುವ ದಿನ ಮಾತ್ರ ಐಎಸ್‌ಒ ಆಟೋ ಇರಲಿ. ಫ್ಲಡ್‌ಲೈಟ್‌ನಡಿ ಒಂದೇ ಬರ್ಸ್ಟ್‌ನಲ್ಲಿ ಒಂದು ಫ್ರೇಮ್ ಬೆಳಕಾಗಿ, ಮುಂದಿನದು ಕಂದಾಗಿ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮಿನುಗು ತಡೆಯುವ ಸೌಲಭ್ಯ ಹಾಕಿ, ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ಫ್ಲಾಶ್ ಬೇಡ.

ಕೆಟ್ಟ ಚಿತ್ರಗಳನ್ನು ಅಳಿಸುವ ಮೊದಲು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ, ಕಾರಣ ಅಲ್ಲೇ ಬರೆದಿರುತ್ತದೆ. ಹಿಂದಿನ ಹುಲ್ಲು ಚೂಪಾಗಿದ್ದರೆ ಫೋಕಸ್ ಹಿಂದೆ ಹೋಗಿದೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಗೀಚಿದಂತಿದ್ದರೆ ಕೈ ಅಲುಗಿದೆ. ಮುಖ ಚೂಪಾಗಿ ಕೈಕಾಲು ಮಾತ್ರ ಮಸುಕಾಗಿದ್ದರೆ ಅದು ಚೆನ್ನಾಗಿಯೇ ಇದೆ, ಇಟ್ಟುಕೊಳ್ಳಿ. ದೂರದ್ದೆಲ್ಲ ನೀರಿನೊಳಗಿಂದ ಕಂಡಂತೆ ನಡುಗುತ್ತಿದ್ದರೆ ಅದು ನೆಲದಿಂದೇಳುವ ಬಿಸಿಗಾಳಿ, ಯಾವ ಸೆಟ್ಟಿಂಗೂ ಅದನ್ನು ಸರಿಪಡಿಸದು. ಹತ್ತಿರದ ಆಟವನ್ನಷ್ಟೇ ತೆಗೆಯಬೇಕು.

ಈ ಕೊನೆಯ ತೊಂದರೆ ನಮ್ಮ ಬೇಸಿಗೆಯಲ್ಲಿ ಸಾಮಾನ್ಯ. ಭಾರತದಲ್ಲಿ ಕಣ್ಣಿಗೆ ಬೀಳುವ ರಗ್ಬಿಯಲ್ಲಿ ದೊಡ್ಡ ಪಾಲು ಸೆವೆನ್ಸ್. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ಕೂಡ ಸೆವೆನ್ಸ್ ಆಗಿತ್ತು, ಬೆಂಗಳೂರಿನ ಹೆಸರಿನ ತಂಡವೂ ಅದರಲ್ಲಿ ಆಡಿತು. ಅದೇ ಅಳತೆಯ ಮೈದಾನದಲ್ಲಿ ತಂಡಕ್ಕೆ ಏಳೇ ಜನ. ಸೆವೆನ್ಸ್‌ನ ಸಾಮಾನ್ಯ ಪಂದ್ಯದ ಒಂದೊಂದು ಅರ್ಧ ಏಳು ನಿಮಿಷ. ರಾಶಿಗಳು ಕಡಿಮೆ, ಒಂಟಿ ಓಟಗಳು ಹೆಚ್ಚು, ಹಾಗಾಗಿ ಉದ್ದದ ಲೆನ್ಸ್‌ಗೆ ಇಲ್ಲಿ ನಿಜವಾದ ಬೆಲೆ ಇದೆ, ಕಣ್ಣು ಗುರುತಿಸುವ ಫೋಕಸ್‌ಗೂ. ಏಳು ನಿಮಿಷದಲ್ಲಿ ಜಾಗ ಬದಲಿಸಲು ಹೋದರೆ ಟ್ರೈ ತಪ್ಪುತ್ತದೆ. ಒಂದು ಮೂಲೆ ಹಿಡಿದು ಕೂರಿ. ನೆತ್ತಿಯ ಬಿಸಿಲಲ್ಲಿ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಆಗ ಬೆಳಗಿನ ಮತ್ತು ಸಂಜೆಯ ಪಂದ್ಯಗಳಿಗೆ ಶಕ್ತಿ ಉಳಿಸಿಕೊಳ್ಳುವುದೇ ಜಾಣತನ.

ಮಳೆಯಲ್ಲಿ ಲೆನ್ಸ್ ಹುಡ್ ಕಡ್ಡಾಯ, ಜೇಬಿನಲ್ಲಿ ಮೂರು ನಾಲ್ಕು ಒಣ ಬಟ್ಟೆ ಇರಲಿ. ಚಳಿ ದೇಶಗಳಲ್ಲಿ ಪಂದ್ಯ ಮುಗಿಸಿ ಬೆಚ್ಚನೆಯ ಕ್ಲಬ್‌ಹೌಸ್‌ಗೆ ಹೋಗುವ ಮೊದಲು ಹೊರಗೇ ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆಯಿರಿ, ಒಳಗೆ ಅರ್ಧ ಗಂಟೆಯಾದರೂ ತೆರೆಯಬೇಡಿ; ಇಲ್ಲವಾದರೆ ಗಾಜಿನ ಮೇಲೂ ಒಳಗೂ ಹನಿಗಟ್ಟುತ್ತದೆ.

ಆರಿಸುವಾಗ ಪ್ರತಿ ಚಿತ್ರದಲ್ಲೂ ಮುಖ, ಚೆಂಡು, ಎದುರಾಳಿ ಈ ಮೂರರಲ್ಲಿ ಎರಡಾದರೂ ಇರಬೇಕೆಂಬ ಅಳತೆ ಇಟ್ಟುಕೊಳ್ಳಿ. ಸಾವಿರ ಫ್ರೇಮ್‌ನಿಂದ ನಲವತ್ತು ಉಳಿದರೆ ಬಹಳ. ಗೋಲ್ ಕಂಬ ನೆಟ್ಟಗಿರುವಂತೆ ತಿರುಗಿಸಿ, ಬಿಗಿಯಾಗಿ ಕತ್ತರಿಸಿ. ಹೆಸರು ಬರೆಯುವಾಗ ಒಂದು ತೊಡಕು: ಸಂಖ್ಯೆ ಇರುವುದು ಬೆನ್ನ ಮೇಲೆ, ನೀವು ತೆಗೆದದ್ದು ಎದುರಿನಿಂದ. ಒಳ್ಳೆಯ ಆಟ ಸಿಕ್ಕಿದ ಕೂಡಲೇ ಆ ಆಟಗಾರರು ಹಿಂತಿರುಗಿ ನಡೆಯುವಾಗ ಬೆನ್ನಿನ ಒಂದು ಫ್ರೇಮ್ ತೆಗೆದಿಡಿ, ಆಟಕ್ಕೆ ಮೊದಲೇ ತಂಡದ ಪಟ್ಟಿಯದೂ ಒಂದು. ಮಕ್ಕಳ ಪಂದ್ಯವಾದರೆ ಕ್ಯಾಮೆರಾ ಹೊರತೆಗೆಯುವ ಮೊದಲೇ ಎರಡೂ ತಂಡಗಳ ಒಪ್ಪಿಗೆ ಪಡೆಯಿರಿ; ಇಂಗ್ಲೆಂಡಿನಲ್ಲಿ ಮಕ್ಕಳ ತಂಡವಿರುವ ಕ್ಲಬ್‌ಗಳಲ್ಲಿ ಇದಕ್ಕೆಂದೇ ಮಕ್ಕಳ ಸುರಕ್ಷತೆಯ ಅಧಿಕಾರಿ ಇರುತ್ತಾರೆ. ಮಕ್ಕಳ ಚಿತ್ರದ ಜೊತೆ ಹೆಸರು ಹಾಕಬೇಡಿ. ಪೆಟ್ಟಾಗಿ ಬಿದ್ದವರ ಚಿತ್ರವನ್ನು, ಅವರು ದೊಡ್ಡವರಾಗಿದ್ದರೂ, ಅವರನ್ನು ಕೇಳದೆ ಎಲ್ಲಿಗೂ ಕಳಿಸಬೇಡಿ.