ಪ್ಯಾನೆಲ್ ಮೇಲಿನ ಖಾಲಿ ಜಾಗ: ಈ ವಾದ ಶುರುವಾದದ್ದು ಎಲ್ಲಿಂದ?

ಬಳ್ಳಾರಿಯಲ್ಲಿ ಮಾಡ್ಯುಲರ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಆದರೂ ಇಬ್ಬರು ಸೇರಿದರೆ ಒಂದು ವಾದ ಗ್ಯಾರಂಟಿ. ತಿರುಗಿಸುವ ನಾಬ್, ಕೇಬಲ್ ಸಿಕ್ಕಿಸುವ ಜ್ಯಾಕ್ ಇರುವ ಮುಂಭಾಗದ ಫಲಕ, ಅಂದರೆ ಪ್ಯಾನೆಲ್ ಮೇಲೆ ಖಾಲಿ ಜಾಗ ಬಿಡಬೇಕೋ, ಬೇಡವೋ? ಕಿಟ್ ತರಿಸಿ ಸೋಲ್ಡರ್ ಹಾಕುವ ಹುಡುಗರು ಪ್ಯಾನೆಲ್ ಕತ್ತರಿಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. “ಅಣ್ಣಾ, ಇಲ್ಲಿ ಇನ್ನೂ ಎರಡು ತೂತು ಹೊಡೀಬಹುದಿತ್ತಲ್ಲ, ಜಾಗ ಯಾಕೆ ವೇಸ್ಟ್?” ಎಂದು ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ಸುಮಾರು ಅರವತ್ತು ವರ್ಷದ ಕಥೆ ಇದೆ. ಅದು ಗೊತ್ತಿಲ್ಲದಿದ್ದರೆ ಇದು ಬರೀ ನೋಟದ ಜಗಳ ಅನ್ನಿಸಿಬಿಡುತ್ತದೆ.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ಮಾಡ್ಯುಲರ್‌ನಲ್ಲಿ ಶಬ್ದ ಹುಟ್ಟಿಸುವ ಭಾಗ ಬೇರೆ, ಅದನ್ನು ಸೋಸುವ ಭಾಗ ಬೇರೆ, ಏರಿಳಿಸುವ ಭಾಗ ಬೇರೆ. ಒಂದೊಂದೂ ಒಂದು ಮಾಡ್ಯೂಲ್. ಅವನ್ನು ಕೇಬಲ್‌ನಿಂದ ಜೋಡಿಸಿದ ಮೇಲೇ ವಾದ್ಯ ಆಗುವುದು. ಎಷ್ಟೋ ಸಲ ಕೀಬೋರ್ಡ್ ಇರುವುದೇ ಇಲ್ಲ. ಹಾಗಾಗಿ ನುಡಿಸುವವರ ಕೈ ಆಡುವ ಜಾಗ ಆ ಪ್ಯಾನೆಲ್ ಒಂದೇ.

1960ರ ದಶಕದಲ್ಲಿ ಅಮೆರಿಕದ ಪೂರ್ವದಲ್ಲಿ ರಾಬರ್ಟ್ ಮೂಗ್, ಪಶ್ಚಿಮದಲ್ಲಿ ಡಾನ್ ಬುಕ್ಲಾ ಇಂಥ ವಾದ್ಯಗಳನ್ನು ಕಟ್ಟಿದರು. ಮೂಗ್ ಪ್ಯಾನೆಲ್ ಎತ್ತರ 8.75 ಇಂಚು. ನಾಬ್ ದಪ್ಪ, ಕಾಲು ಇಂಚಿನ ಜ್ಯಾಕ್ ಕೂಡ ದಪ್ಪ. ಬಿಡಿಭಾಗಗಳೇ ದೊಡ್ಡವು, ಆದ್ದರಿಂದ ಮಧ್ಯೆ ಜಾಗ ತಾನಾಗಿಯೇ ಉಳಿಯಿತು. ಅಂಥ ಒಂದು ಮೂಗ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ಅಲ್ಲಿ ಸ್ಟುಡಿಯೋ ಹೂಡಲು ಬಂದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಅದೇ ವರ್ಷ ಇಂಗ್ಲೆಂಡಿನ ಇಎಂಎಸ್ ಕಂಪನಿ ವಿಸಿಎಸ್3 ಎಂಬ ತನ್ನ ಸಿಂಥಸೈಜರಿನಲ್ಲಿ ಕೇಬಲ್ ಬದಲು 16 ಸಾಲು, 16 ಕಂಬದ ಪಿನ್ ಬೋರ್ಡ್ ಇಟ್ಟಿತು.

1970ರ ದಶಕದಲ್ಲಿ ಇಂಥ ವಾದ್ಯ ಕಟ್ಟಿದ ಸರ್ಜ್ ಚೆರೆಪ್ನಿನ್ ಅವರ ಪ್ಯಾನೆಲ್‌ಗಳನ್ನು ಖಾಲಿ ಜಾಗ ಬೇಡ ಅನ್ನುವವರು ಈಗಲೂ ಉದಾಹರಣೆ ಕೊಡುತ್ತಾರೆ. ನಾಬ್, ಜ್ಯಾಕ್ ತುಂಬಿ ತುಳುಕುವ ಪ್ಯಾನೆಲ್‌ಗಳು ಅವು, ನಿಜ. ಆದರೆ ಅಲ್ಲಿ ಎಲ್ಲವೂ ಸಮ ಅಂತರದಲ್ಲಿವೆ. ಯಾವುದು ಯಾವ ಥರದ ಸಿಗ್ನಲ್ ಎಂದು ಜ್ಯಾಕ್‌ಗಳ ಬಣ್ಣವೇ ಹೇಳುತ್ತದೆ. ಒತ್ತಾಗಿದ್ದರೂ ಅಲ್ಲಿ ಕೈ ದಾರಿ ತಪ್ಪುವುದಿಲ್ಲ. ಇದನ್ನು ಬಿಟ್ಟು ಬರೀ ಒತ್ತಾಗಿರುವುದನ್ನು ಮಾತ್ರ ಹೇಳುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ.

ಎಂಬತ್ತರ ದಶಕದಲ್ಲಿ ಡಿಜಿಟಲ್ ಕೀಬೋರ್ಡ್ ಬಂತು, ಮಾಡ್ಯುಲರ್ ಮೂಲೆ ಸೇರಿತು.

ತೊಂಬತ್ತರ ದಶಕದ ಮಧ್ಯದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಎ-100 ಶುರು ಮಾಡಿದರು. ಕಾರ್ಖಾನೆಗಳ ಎಲೆಕ್ಟ್ರಾನಿಕ್ಸ್‌ಗೆ ಬಳಸುತ್ತಿದ್ದ ರ್‍ಯಾಕ್ ಅಳತೆಯನ್ನೇ ತೆಗೆದುಕೊಂಡರು. ಪ್ಯಾನೆಲ್ ಎತ್ತರ 128.5 ಮಿಲಿಮೀಟರ್. ಅಗಲವನ್ನು ಎಚ್‌ಪಿ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಎಚ್‌ಪಿ ಅಂದರೆ 5.08 ಮಿಲಿಮೀಟರ್. ಜ್ಯಾಕ್ 3.5 ಮಿಲಿಮೀಟರಿನದು, ಹಳೇ ಇಯರ್‌ಫೋನ್ ಪಿನ್ನಿನಷ್ಟು. ಇದೇ ಯೂರೋರ್‍ಯಾಕ್. ಯಾವ ಕಂಪನಿಯ ಮಾಡ್ಯೂಲ್ ಆದರೂ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಅಲ್ಲಿಂದಲೇ ಅಗಲಕ್ಕೊಂದು ಬೆಲೆ ಬಂತು. ಪೆಟ್ಟಿಗೆಯ ಒಂದು ಸಾಲು ಸಾಮಾನ್ಯವಾಗಿ 84 ಎಚ್‌ಪಿ ಅಥವಾ 104 ಎಚ್‌ಪಿ. ಅದರೊಳಗೆ ಏನೇನು ಹಿಡಿಸೀತು ಎಂಬ ಲೆಕ್ಕಾಚಾರ ಶುರುವಾಯಿತು.

ನಾನು ಹತ್ತಿರದಿಂದ ನೋಡಿದ್ದು ಇದರ ಮುಂದಿನ ಘಟ್ಟವನ್ನು. ಪ್ಯಾರಿಸ್‌ನಲ್ಲಿ ಎಮಿಲಿ ಜಿಲೆ ನಡೆಸುತ್ತಿದ್ದ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ 2013ರಲ್ಲಿ ಯೂರೋರ್‍ಯಾಕ್‌ಗೆ ಬಂತು. ನಾಬ್‌ಗಳೆಲ್ಲ ಮೇಲೆ, ಜ್ಯಾಕ್‌ಗಳೆಲ್ಲ ಕೆಳಗೆ. ಕೇಬಲ್ ಎಷ್ಟೇ ಜೋತಾಡಿದರೂ ನಾಬ್‌ಗೆ ಅಡ್ಡ ಬರುವುದಿಲ್ಲ. ಸರ್ಕ್ಯೂಟು, ಕೋಡು ಎರಡನ್ನೂ ಅವರು ಎಲ್ಲರಿಗೂ ತೆರೆದಿಟ್ಟರು. ನಮ್ಮಂಥ ಊರಿನವರಿಗೆ ಅದು ದೊಡ್ಡ ಉಪಕಾರ. ಕಲಿಯಲು ಅಷ್ಟು ಚೊಕ್ಕವಾದ ಸಾಮಗ್ರಿ ಬೇರೆಲ್ಲೂ ಸಿಗುತ್ತಿರಲಿಲ್ಲ.

ತೆರೆದಿಟ್ಟ ಮೇಲೆ ಬೇರೆಯವರು ಅದೇ ಸರ್ಕ್ಯೂಟನ್ನು ಕಿರಿದು ಮಾಡತೊಡಗಿದರು. ಮ್ಯೂಟಬಲ್ ಕಂಪನಿಯ ಕ್ಲೌಡ್ಸ್ ಎಂಬ ಮಾಡ್ಯೂಲನ್ನೇ ನೋಡಿ. ಮೂಲದ್ದು 18 ಎಚ್‌ಪಿ, ಅಂದರೆ ಒಂಬತ್ತು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಕಿರಿದು ಮಾಡಿದ್ದು 8 ಎಚ್‌ಪಿ, ಬರೀ ನಾಲ್ಕು ಸೆಂಟಿಮೀಟರ್. 84ರ ಸಾಲಿನಲ್ಲಿ ಮೊದಲಿನದರ ಅಗಲದವು ನಾಲ್ಕು ಕೂರುತ್ತವೆ, ಎರಡನೆಯದರ ಅಗಲದವು ಹತ್ತು. ಕಸ್ಟಮ್ಸ್ ಕಟ್ಟಿ, ಕೊರಿಯರ್ ಕೊಟ್ಟು ತರಿಸುವವರು ಯಾವುದನ್ನು ಆರಿಸುತ್ತಾರೆ ಹೇಳಿ? ಅವರ ತಪ್ಪಲ್ಲ. ಕಿರಿದು ಮಾಡಿದವರದ್ದೂ ತಪ್ಪಲ್ಲ, ಬೇಡಿಕೆ ಇತ್ತು, ಮಾಡಿದರು. ಆದರೆ ದೊಡ್ಡ ನಾಬ್ ಇದ್ದ ಕಡೆ ಟ್ರಿಮ್ಮರ್ ಎಂಬ ಕಡ್ಡಿಯಂಥ ಪುಟ್ಟ ನಾಬ್ ಬಂತು. ಜ್ಯಾಕ್‌ಗಳು ಒಂದಕ್ಕೊಂದು ಅಂಟಿಕೊಂಡವು. ಒಂದು ಕೇಬಲ್ ಕೀಳಲು ಹೋದರೆ ಪಕ್ಕದ್ದೂ ಬೆರಳಿಗೆ ಬರುತ್ತದೆ. ಮನೆಯಲ್ಲಿ ಕೂತು ನಿಧಾನಕ್ಕೆ ತಿರುಗಿಸುವಾಗ ಇದು ಗೊತ್ತಾಗದು. ಜಾತ್ರೆಯ ಆರ್ಕೆಸ್ಟ್ರಾ ಸ್ಟೇಜಿನ ಅರೆಗತ್ತಲೆಯಲ್ಲಿ ಒಮ್ಮೆ ನುಡಿಸಿದರೆ ಗೊತ್ತಾಗುತ್ತದೆ.

ನಮ್ಮ ಕಡೆ ಮೆಣಸಿನಕಾಯಿ ಹೊಲದಲ್ಲಿ ಎಡೆಕುಂಟೆ ಹೋಗುವಷ್ಟು ಸಾಲು ಬಿಟ್ಟೇ ಸಸಿ ಹಚ್ಚುತ್ತಾರೆ. ಆ ಸಾಲನ್ನು ಯಾವ ರೈತನೂ ವೇಸ್ಟ್ ಅನ್ನುವುದಿಲ್ಲ. ನಾಬ್‌ಗಳ ನಡುವೆ ಬೆರಳಿಗೆ ಬಿಡುವ ಜಾಗವೂ ಅಂಥದ್ದೇ ಅಲ್ವಾ?

2017ರಲ್ಲಿ ವಿಸಿವಿ ರ್‍ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಬಂದ ಮೇಲೆ ಗೋಜಲು ಇನ್ನೂ ಹೆಚ್ಚಿತು. ಲ್ಯಾಪ್‌ಟಾಪ್ ಇದ್ದವರೆಲ್ಲ ಮಾಡ್ಯುಲರ್ ಕಲಿಯಬಹುದು. ಇಲ್ಲಿನ ಹುಡುಗರಲ್ಲಿ ಹೆಚ್ಚಿನವರು ಶುರು ಮಾಡಿದ್ದು ಅದರಲ್ಲೇ. ಪರದೆಯ ಮೇಲೆ ಅಗಲಕ್ಕೆ ದುಡ್ಡಿಲ್ಲ, ಬೇಕಾದಷ್ಟು ಹರಡಬಹುದು. ಮೌಸಿನ ಬಾಣಕ್ಕೆ ದಪ್ಪವೂ ಇಲ್ಲ, ಎಷ್ಟು ಸಣ್ಣ ನಾಬ್ ಆದರೂ ಹಿಡಿಯುತ್ತದೆ. ಹೀಗೆ ಕಲಿತು ಹಾರ್ಡ್‌ವೇರಿಗೆ ಬಂದವರಿಗೆ ಖಾಲಿ ಜಾಗ ಸುಮ್ನೆ ಬಿಟ್ಟಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಅದೇ ಸಾಫ್ಟ್‌ವೇರಿನ ಕೈಪಿಡಿ ಪ್ಯಾನೆಲ್ ಬರೆಯುವವರಿಗೆ ಏನು ಹೇಳುತ್ತದೆ ನೋಡಿ: ನಿಜವಾದ ಹಾರ್ಡ್‌ವೇರ್ ಮಾಡುತ್ತಿದ್ದೀರಿ ಅಂದುಕೊಂಡೇ ಬರೆಯಿರಿ, ನಾಬ್ ಮತ್ತು ಜ್ಯಾಕ್ ನಡುವೆ ಹೆಬ್ಬೆರಳು ಹೋಗುವಷ್ಟು ಜಾಗ ಬಿಡಿ. ಹೆಬ್ಬೆರಳೇ ತಾಗದ ಪರದೆಗೂ ಈ ನಿಯಮ ಇದೆ.

ಪೆಟ್ಟಿಗೆಯಲ್ಲಿ ಉಳಿಯುವ ಖಾಲಿ ಜಾಗದ ವಿಷಯ ಬೇರೆಯೇ. ಮಾಡ್ಯೂಲ್ ಕೂರದ ಕಡೆ ಬ್ಲ್ಯಾಂಕ್ ಪ್ಯಾನೆಲ್ ಹಾಕಿ ಮುಚ್ಚುವ ರೂಢಿ ಇದೆ. ತಂಪು ದೇಶಗಳಲ್ಲಿ ಅದನ್ನು ಚಂದಕ್ಕೆ ಹಾಕುವವರೇ ಜಾಸ್ತಿ. ಬಳ್ಳಾರಿಯಲ್ಲಿ ಹಾಗಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ತೆರೆದ ಸಂದಿಯಿಂದ ಪೆಟ್ಟಿಗೆಯೊಳಗೆ ಇಳಿದರೆ ನಾಬ್ ತಿರುಗಿಸಿದಾಗಲೆಲ್ಲ ಸ್ಪೀಕರಿನಲ್ಲಿ ಕರಕರ. ಒಳಗೆ ಎಲ್ಲ ಮಾಡ್ಯೂಲಿಗೂ ಕರೆಂಟ್ ಹಂಚುವ ಬಸ್ ಬೋರ್ಡಿನಲ್ಲಿ ಪ್ಲಸ್ 12, ಮೈನಸ್ 12 ವೋಲ್ಟ್ ಹರಿಯುತ್ತಿರುತ್ತದೆ. ಜೋತಾಡುವ ಕೇಬಲಿನ ತುದಿ ಸಂದಿಯಿಂದ ಜಾರಿ ಅದಕ್ಕೆ ತಾಗಿದರೆ ಶಾರ್ಟ್ ಆಗಬಹುದು. ಇಲ್ಲಿ ಬ್ಲ್ಯಾಂಕ್ ಪ್ಯಾನೆಲ್ ಹಾಕಲೇಬೇಕು. ಬೋರ್ಡ್ ಬರೆಯುವ ಅಂಗಡಿಯಲ್ಲಿ ಉಳಿದ ಅಕ್ರಿಲಿಕ್ ತುಂಡು ಸಾಕು. ದುಬಾರಿ ಅಲ್ಯೂಮಿನಿಯಂ ಬೇಕಾಗಿಲ್ಲ.

ಈಗ ಕೆಲವರು ಇನ್ನೊಂದು ದಾರಿ ಹಿಡಿದಿದ್ದಾರೆ. ಬಡಗಿಯಿಂದ ಇನ್ನೊಂದು ಮರದ ಪೆಟ್ಟಿಗೆ ಮಾಡಿಸಿ, ಅದೇ ಮಾಡ್ಯೂಲ್‌ಗಳನ್ನು ಎರಡು ಸಾಲಿಗೆ ಹಂಚುತ್ತಾರೆ. ಹೊಸ ಪ್ಯಾನೆಲ್ ಬೇಕಾದಾಗ ನಿಜ ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸುತ್ತಾರೆ. ಅದಕ್ಕೆ ನಾಬ್, ಜ್ಯಾಕ್ ಸಿಕ್ಕಿಸಿ, ಕೇಬಲ್‌ಗಳನ್ನೂ ಹಾಕಿ ತಿರುಗಿಸಿ ನೋಡುತ್ತಾರೆ. ಜ್ಯಾಕ್‌ನ ನಡುವಿಂದ ಜ್ಯಾಕ್‌ನ ನಡುವಿಗೆ 12 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಾನೂ ಒಂದು ಮಾತು ಹೇಳುತ್ತೇನೆ. ಬೆರಳು ಕೇಬಲಿಗೆ ತಾಗಿದರೆ ಆ ರಟ್ಟನ್ನು ಬಿಟ್ಟು ಇನ್ನೊಂದು ಮಾಡುತ್ತಾರೆ. ಅಲ್ಯೂಮಿನಿಯಂ ಕತ್ತರಿಸುವುದು ಆಮೇಲೆ.