ಅಲುಗುವ ಮುಖಕ್ಕೆ ಇಪ್ಪತ್ತು ನ್ಯಾನೊಸೆಕೆಂಡ್

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ತಂದ ಒಂದು ರೇಷ್ಮೆಗೂಡನ್ನೂ ಹಳೆಯ ಒಂದು ರೂಪಾಯಿಯ ನಾಣ್ಯವನ್ನೂ ಅಕ್ಕಪಕ್ಕದಲ್ಲಿಟ್ಟು, ಸಣ್ಣ ಕೆಂಪು ಲೇಸರಿನಿಂದ ಹಾಲೊಗ್ರಾಂ, ಎಂದರೆ ವಸ್ತುವಿನ ಆಳವನ್ನೂ ಹಿಡಿದಿಡುವ ಚಿತ್ರ, ತೆಗೆಯಲು ಒಮ್ಮೆ ಪ್ರಯತ್ನಿಸಿದ್ದೆ. ರಸ್ತೆಯಲ್ಲಿ ಲಾರಿಗಳ ಓಡಾಟ ಕಡಿಮೆಯಾದ ಮೇಲೆ, ಮರಳು ತುಂಬಿದ ಪೆಟ್ಟಿಗೆಯ ಮೇಲೆ ಎಲ್ಲವನ್ನೂ ಜೋಡಿಸಿ, ಹತ್ತು ಸೆಕೆಂಡು ಬೆಳಕು ಬಿಟ್ಟೆ. ಫೋಟೊ ಫಿಲ್ಮಿನಂತೆ ಬೆಳಕನ್ನು ದಾಖಲಿಸುವ ಗಾಜಿನ ತಟ್ಟೆಯನ್ನು ತೊಳೆದು ಒಣಗಿಸಿ ನೋಡಿದಾಗ ನಾಣ್ಯ ಗಾಜಿನಾಚೆ ನಿಜವಾಗಿ ಇಟ್ಟಂತೆಯೇ ಇತ್ತು; ಹಿಂದಿನ ಬಿಳಿ ಹಲಗೆಯೂ ಮೂಡಿತ್ತು. ಗೂಡು ಇರಬೇಕಾದ ಜಾಗದಲ್ಲಿ ಮಾತ್ರ ಗೂಡಿನದೇ ಆಕಾರದ ಒಂದು ಕಪ್ಪು ಗುಳಿ. ಒಳಗಿನ ಹುಳು ಇನ್ನೂ ಜೀವಂತವಾಗಿತ್ತೆಂಬುದು ನನಗೆ ಹೊಳೆದದ್ದು ಆಮೇಲೆ.

ಸಾಧಾರಣ ಫೋಟೊದಲ್ಲಿ ಅಲುಗಿದ ವಸ್ತು ಮಸುಕಾಗುತ್ತದೆ. ಹಾಲೊಗ್ರಾಂನಲ್ಲಿ ಅದು ಇಲ್ಲವೇ ಆಗುತ್ತದೆ. ಫೋಟೊ ದಾಖಲಿಸುವುದು ಬೆಳಕು ಎಷ್ಟು ಬಿತ್ತೆಂಬುದನ್ನು ಮಾತ್ರ. ಹಾಲೊಗ್ರಾಂನಲ್ಲಿ ವಸ್ತುವಿನಿಂದ ಬಂದ ಬೆಳಕಿನ ಜೊತೆ ಅದೇ ಲೇಸರಿನ ಇನ್ನೊಂದು ಕಿರಣವನ್ನು ನೇರವಾಗಿ ತಟ್ಟೆಯ ಮೇಲೆ ಬೀಳಿಸುತ್ತಾರೆ. ಎರಡೂ ಬೆರೆತಾಗ ಅಲೆಯ ಉಬ್ಬು ಎಲ್ಲಿ, ತಗ್ಗು ಎಲ್ಲಿ ಎಂಬುದು ಅತಿ ಸೂಕ್ಷ್ಮ ಪಟ್ಟೆಗಳಾಗಿ ಅಚ್ಚಾಗುತ್ತದೆ. ತೆಳುವಾದ ರೇಷ್ಮೆ ಸೆರಗನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದು ನೋಡಿ: ಎಳೆಗಳ ಮೇಲೆ ಎಳೆ ಕೂತು ಅಲೆಅಲೆಯಾದ ಪಟ್ಟೆಗಳು ತೋರುತ್ತವೆ. ಒಂದು ಮಡಿಕೆಯನ್ನು ಅರ್ಧ ಎಳೆಯಷ್ಟು ಸರಿಸಿದರೆ ಸಾಕು, ಕಪ್ಪಿದ್ದಲ್ಲಿ ಬೆಳಕು, ಬೆಳಕಿದ್ದಲ್ಲಿ ಕಪ್ಪು. ಹೀಗೆ ಸರಿಯುತ್ತಿರುವಾಗಲೇ ಯಾರಾದರೂ ಆ ಪಟ್ಟೆಗಳನ್ನು ಕಾಗದಕ್ಕೆ ಇಳಿಸಲು ಹೊರಟರೆ ಕೊನೆಗೆ ಉಳಿಯುವುದು ಒಂದೇ ಸಮನಾದ ಬೂದು ಬಣ್ಣ. ನನ್ನ ಗೂಡಿಗೆ ಆದದ್ದು ಅದೇ.

ಮಾಣಿಕ್ಯದ ಹರಳಿನಿಂದ ಬೆಳಕು ಹೊರಡಿಸುವ ಮಾಣಿಕ್ಯ ಲೇಸರಿನ ಕೆಂಪು ಬೆಳಕಿನ ತರಂಗಾಂತರ 694 ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೊಮೀಟರ್). ಪಟ್ಟೆಗಳು ಕದಡಬಾರದೆಂದರೆ ಬೆಳಕಿನ ದಾರಿಯ ಉದ್ದ ಅದರ ಹತ್ತನೇ ಒಂದು ಪಾಲಿಗಿಂತ, ಎಂದರೆ ಸುಮಾರು 70 ನ್ಯಾನೊಮೀಟರಿಗಿಂತ ಹೆಚ್ಚು ಬದಲಾಗಬಾರದು. ಉಸಿರು ಬಿಗಿಹಿಡಿದು ಕುಳಿತ ಮನುಷ್ಯನ ಚರ್ಮವೂ ಪ್ರತಿ ನಾಡಿಮಿಡಿತಕ್ಕೆ ಇದನ್ನು ಮೀರಿ ಅಲುಗುತ್ತದೆ. ಹೀಗಾಗಿ ನಿರಂತರವಾಗಿ ಉರಿಯುವ ಲೇಸರಿನ ಮುಂದೆ ಜೀವಂತ ಮುಖವೂ ಒಂದು ಕಪ್ಪು ಗುಳಿಯೇ. ಡೆನಿಸ್ ಗಾಬರ್ 1948ರಲ್ಲಿ ಹಾಲೊಗ್ರಫಿಯ ತತ್ತ್ವವನ್ನು ಪ್ರಕಟಿಸಿದಾಗ ಲೇಸರ್ ಇರಲೇ ಇಲ್ಲ; ಅಮೆರಿಕದ ಮಿಶಿಗನ್‌ನಲ್ಲಿ ಲೀತ್ ಮತ್ತು ಉಪಾಟ್ನೀಕ್ಸ್ ಅವರು 1964ರಲ್ಲಿ ಜಗತ್ತಿಗೆ ತೋರಿಸಿದ ಹಾಲೊಗ್ರಾಂನಲ್ಲಿದ್ದದ್ದು ಒಂದು ಆಟಿಕೆ ರೈಲು. ಆಟಿಕೆಗೆ ನಾಡಿಯಿಲ್ಲವಷ್ಟೆ.

ಮುಖವನ್ನು ನಿಲ್ಲಿಸಲಾಗದಿದ್ದರೆ ಬೆಳಕನ್ನೇ ಮೊಟಕುಗೊಳಿಸಬೇಕು. ಮೈಮನ್ 1960ರಲ್ಲಿ ಮಾಡಿದ ಮೊದಲ ಲೇಸರ್ ಮಾಣಿಕ್ಯದ್ದೇ ಆದರೂ, ಅದರ ಮಿಂಚು ಈ ಕೆಲಸಕ್ಕೆ ತೀರ ಉದ್ದವಾಗಿತ್ತು. ಹೆಲ್‌ವರ್ತ್ ಮತ್ತು ಮೆಕ್ಲಂಗ್ 1962ರಲ್ಲಿ ತೋರಿಸಿಕೊಟ್ಟ ಕ್ಯೂ-ಸ್ವಿಚ್ ಎಂಬ ಉಪಾಯವನ್ನು ಕೋಲಾರ ಸೀಮೆಯವರಿಗೆ ಕೆರೆಯ ತೂಬಿನಿಂದ ವಿವರಿಸಬಹುದು: ತೂಬು ಮುಚ್ಚಿ ಕೆರೆ ತುಂಬಲು ಬಿಟ್ಟು, ತುಂಬಿದೊಡನೆ ಒಮ್ಮೆಗೇ ತೆರೆಯುವುದು. ಹರಳಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಸುಮಾರು 20 ನ್ಯಾನೊಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೊಸೆಕೆಂಡ್) ಹೊರನುಗ್ಗುತ್ತದೆ. ಅಷ್ಟರಲ್ಲಿ ಬೆಳಕೇ 6 ಮೀಟರ್ ಮಾತ್ರ ಸಾಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತಲೆ ಅಲ್ಲಾಡಿಸಿದವರ ಮೂಗು ಸರಿಯುವುದು 20 ನ್ಯಾನೊಮೀಟರ್. ಬೆಳಕು ಹೋಗಿಬರುವ ದಾರಿಯೆಂದು ಇಮ್ಮಡಿ ಮಾಡಿದರೂ 40. ಇನ್ನು ಉಸಿರಾಡಬಹುದು, ನಗಬಹುದು, ಮಾತೂ ಆಡಬಹುದು.

ಎರಡು ಜೂಲ್ ಶಕ್ತಿಯ ಇಂಥ ಒಂದು ಮಿಂಚಿನ ಸಾಮರ್ಥ್ಯ, ಅದು ಇರುವಷ್ಟು ಹೊತ್ತು, 100 ಮೆಗಾವಾಟ್. ನಮ್ಮ ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕಿನ 2,050 ಮೆಗಾವಾಟ್‌ನಲ್ಲಿ ಇದು ಸುಮಾರು ಇಪ್ಪತ್ತನೇ ಒಂದು ಪಾಲು. ಆದರೂ ಆ ಎರಡು ಜೂಲ್‌ನಿಂದ ಒಂದು ಗ್ರಾಂ ನೀರಿನ ಉಷ್ಣತೆ ಅರ್ಧ ಡಿಗ್ರಿಯಷ್ಟೂ ಏರದು. ಚರ್ಮಕ್ಕೆ ತಿಳಿಯುವುದೇ ಇಲ್ಲ, ಭಯವಿರುವುದು ಕಣ್ಣಿಗೆ. ಕಣ್ಣಿನ ಮಸೂರ ಸಮಾನಾಂತರ ಕಿರಣವನ್ನು ಅಕ್ಷಿಪಟಲದ ಒಂದೇ ಬಿಂದುವಿಗೆ ಕೂಡಿಸಿ ಸುಟ್ಟುಬಿಡಬಲ್ಲದು, ಮತ್ತು ರೆಪ್ಪೆ ಮುಚ್ಚಿಕೊಳ್ಳುವಷ್ಟರಲ್ಲಿ ಮಿಂಚು ಮುಗಿದು ಯುಗವಾಗಿರುತ್ತದೆ. ಆದ್ದರಿಂದ ಕಿರಣವನ್ನು ಹಿಗ್ಗಿಸಿ, ದೊಡ್ಡದೊಂದು ಉಜ್ಜಿದ ಗಾಜಿನ ಮೂಲಕ ಹಾಯಿಸಿ, ಬಿಂದುವನ್ನು ಅಗಲವಾದ ಬೆಳಕಾಗಿ ಚದುರಿಸುತ್ತಾರೆ. ಕೂರುವವರಿಗೆ ಎಷ್ಟು ಬೆಳಕು ತಲುಪುತ್ತದೆಂದು ಲೆಕ್ಕಹಾಕದೆ ಯಾರನ್ನೂ ಕೂರಿಸಕೂಡದು. ಕೋಣೆ ಮಬ್ಬಾಗಿರುವುದರಿಂದ ಪಾಪೆ ಅರಳಿರುತ್ತದೆ, ಮಿಂಚಿಗೆ ಕುಗ್ಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಇಂಥ ಭಾವಚಿತ್ರಗಳಲ್ಲಿ ಕಣ್ಣುಗಳು ದೊಡ್ಡದಾಗಿ, ಸ್ವಲ್ಪ ಬೆರಗಾದಂತೆ ಕಾಣುವುದಕ್ಕೆ ಕಾರಣ ಇದು.

ಕಂಡಕ್ಟ್ರಾನ್ ಕಂಪನಿಯ ಲಾರೆನ್ಸ್ ಸೀಬರ್ಟ್ 1967ರಲ್ಲಿ ಹೀಗೆ ತನ್ನದೇ ಮುಖದ ಹಾಲೊಗ್ರಾಂ ತೆಗೆದರು. ಗಾಬರ್ ನೊಬೆಲ್ ಪಡೆದ 1971ರಲ್ಲಿ ಅವರದೂ ಒಂದು ಭಾವಚಿತ್ರ ಸಿದ್ಧವಾಯಿತು. ಹೀಗೆ ಪಡೆದ ಮೂಲ ತಟ್ಟೆಯನ್ನು ಲೇಸರಿನಲ್ಲೇ ನೋಡಬೇಕು. ಅದರ ಮೇಲೆ ಲೇಸರನ್ನು ಹಿಮ್ಮುಖವಾಗಿ ಹಾಯಿಸಿದರೆ ಮುಖ ಗಾಳಿಯಲ್ಲಿ ಮೂಡುತ್ತದೆ, ಆದರೆ ಮೂಗು ಒಳಕ್ಕೆ, ಕೆನ್ನೆ ಹೊರಕ್ಕೆ, ಗಣೇಶನ ಅಚ್ಚನ್ನು ಒಳಗಿನಿಂದ ನೋಡಿದಂತೆ. ಆ ಬಿಂಬದ ಜಾಗದಲ್ಲೇ ಎರಡನೆಯ ತಟ್ಟೆಯಿಟ್ಟು ಪ್ರತಿ ತೆಗೆದು, ಪ್ರತಿಯನ್ನೂ ಹಿಮ್ಮುಖವಾಗಿ ಬೆಳಗಿದರೆ ಮೂಗು ತನ್ನ ಸ್ಥಾನಕ್ಕೆ ಮರಳುತ್ತದೆ. ಮುಖ ಗಾಜಿನ ಮಟ್ಟದಲ್ಲೇ ನಿಲ್ಲುವುದರಿಂದ ಈ ಪ್ರತಿಗೆ ಸಾಧಾರಣ ಬಲ್ಬಿನ ಬೆಳಕೇ ಸಾಕು.

ಸಮಯವನ್ನು ಗೆದ್ದ ಮಾಣಿಕ್ಯ ಲೇಸರ್ ಸೋತದ್ದು ಬಣ್ಣದಲ್ಲಿ. ಕಡುಗೆಂಪು ಬೆಳಕು ಚರ್ಮದೊಳಕ್ಕೆ ಇಳಿದು ಹರಡಿ ಹೊರಬರುವುದರಿಂದ ಮುಖ ಮೇಣದ ಗೊಂಬೆಯಂತೆ ನಯವಾಗುತ್ತದೆ, ತುಟಿ ಬಿಳಿಚುತ್ತದೆ. ಇದನ್ನು ಮರೆಸಲು ಮುಖಕ್ಕೆ ಬಣ್ಣ ಬಳಿದದ್ದೂ ಉಂಟು. ನಿಯೋಡಿಮಿಯಂ ಲೇಸರಿನ ಆವೃತ್ತಿಯನ್ನು ಇಮ್ಮಡಿಗೊಳಿಸಿ ಪಡೆದ 532 ನ್ಯಾನೊಮೀಟರಿನ ಹಸಿರು ಬೆಳಕು ಬಂದ ಮೇಲೆ ಚರ್ಮ ಚರ್ಮದಂತಾಯಿತು, ಜೊತೆಗೆ ಪ್ರತಿ ಕಲೆಯೂ ಸುಕ್ಕೂ ಎದ್ದು ಕಂಡಿತು. ರಕ್ತ ಹಸಿರನ್ನು ಹೀರುವುದರಿಂದ ಈಗ ತುಟಿ ಕಪ್ಪಿಡುತ್ತದೆ.

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಯಾವುದಾದರೂ ಅಜ್ಜಿಯನ್ನು ಕೂರಿಸಿ ಇಂಥ ಭಾವಚಿತ್ರ ತೆಗೆಯಬೇಕೆಂಬುದು ನನ್ನ ಹಳೆಯ ಆಸೆ. ತೊಡಕಿರುವುದು ಹಣೆಯ ಕುಂಕುಮದಲ್ಲಿ. ಕುಂಕುಮವೂ ಚರ್ಮವೂ ಕೆಂಪನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಮಾಣಿಕ್ಯದ ಬೆಳಕಿನಲ್ಲಿ ಆ ಬೊಟ್ಟು ಹಣೆಯಲ್ಲಿ ಕರಗಿ ಹೋಗುತ್ತದೆ. ಹಸಿರಿನಲ್ಲಿ ತೆಗೆದರೆ ಕಾಡಿಗೆಯಿಟ್ಟಂತೆ ಕಪ್ಪಾಗುತ್ತದೆ. ಅದು ಕೆಂಪಾಗಿಯೇ ಮೂಡಬೇಕಾದರೆ ಕೆಂಪು, ಹಸಿರು, ನೀಲಿ ಮೂರೂ ಮಿಂಚುಗಳು ಒಂದೇ ಕ್ಷಣದಲ್ಲಿ ಅಜ್ಜಿಯ ಮುಖದ ಮೇಲೆ ಬೀಳಬೇಕು.